‘ಯಾವ ಪಕ್ಷದವರು ಜಾಸ್ತಿ ವರ್ಣಭೇದಿಗಳು?’ ಅನ್ನುವ ಸರ್ವೆ ಕೈಗೆ ಸಿಕ್ಕಾಗ ಅದನ್ನು ಓದುವುದು ಹೇಗೆ

ಅಮೆರಿಕದಲ್ಲಿ ಚುನಾವಣೆ ಹತ್ತಿರ ಬಂದಾಗಲೆಲ್ಲ ಎರಡು ತರಹದ ಸುದ್ದಿ ನಮ್ಮ ಫ್ಯಾಮಿಲಿ ಗ್ರೂಪುಗಳಿಗೂ ಬಂದು ಬೀಳುತ್ತದೆ. ಒಂದರಲ್ಲಿ ‘ಬಲಪಂಥದವರೇ ವರ್ಣಭೇದಿಗಳು, ಸಂಶೋಧನೆಯಿಂದ ಸಾಬೀತು’ ಅಂತ ಇರುತ್ತದೆ. ಇನ್ನೊಂದರಲ್ಲಿ ‘ನಿಜವಾದ ವರ್ಣಭೇದ ಇರುವುದು ಲಿಬರಲ್‌ಗಳಲ್ಲೇ’ ಅಂತ. ಡಲ್ಲಾಸ್‌ನಲ್ಲಿರುವ ಭಾವ ಒಂದನ್ನು ಹಾಕುತ್ತಾರೆ, ನ್ಯೂಜೆರ್ಸಿಯಲ್ಲಿರುವ ಅತ್ತೆ ಮಗಳು ಇನ್ನೊಂದನ್ನು ಹಾಕುತ್ತಾಳೆ, ಸಂಜೆ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿರುತ್ತಾರೆ.

ಎರಡೂ ಸುದ್ದಿಯ ಹಿಂದೆ ನಿಜವಾದ ಸಂಶೋಧನೆ ಇರಬಹುದು. ತೊಡಕು ಇರುವುದೇ ಅಲ್ಲಿ. ಒಳಗೆ ಅಡಗಿದ ಪೂರ್ವಗ್ರಹವನ್ನು ಅಳೆಯುವುದು ತುಂಬಾ ಕಷ್ಟದ ಕೆಲಸ. ಯಾವ ಪ್ರಶ್ನೆ ಕೇಳಿದರು, ಜನರನ್ನು ಯಾವ ಗಳಿಗೆಯಲ್ಲಿ ನೋಡಿದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಪಕ್ಷದ ಹೆಸರೊಂದನ್ನೇ ಹಿಡಿದು ಒಬ್ಬ ಮನುಷ್ಯನೊಳಗೆ ಏನಿದೆ ಅಂತ ಹೇಳಲು ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಾಗಂತ ಪಕ್ಷಕ್ಕೂ ಪೂರ್ವಗ್ರಹಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಇದೆ. ಅದು ಎಷ್ಟು, ಎಲ್ಲಿ ಅಂತ ನೋಡಲು ಸಂಶೋಧನೆಯನ್ನು ಓದುವ ಕ್ರಮ ಗೊತ್ತಿರಬೇಕು.

ಮೊದಲು ನೋಡಬೇಕಾದ್ದು: ಯಾವ ತರಹದ ಪೂರ್ವಗ್ರಹ?

ಬಾಯಿಬಿಟ್ಟು ಹೇಳುವ ವರ್ಣಭೇದ ಬೇರೆ, ಸದ್ದಿಲ್ಲದೆ ಕೆಲಸ ಮಾಡುವುದು ಬೇರೆ. ಮೊದಲನೆಯದು ಅಮೆರಿಕದಲ್ಲಿ ನಿಜಕ್ಕೂ ಇಳಿದಿದೆ. ಕಪ್ಪುವರ್ಣೀಯರು ಮತ್ತು ಬಿಳಿಯರ ನಡುವಿನ ಮದುವೆಯನ್ನು ಒಪ್ಪುತ್ತೀರಾ ಅಂತ ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಹೂಂ ಅಂದವರು ಶೇ 4. 2021ರಲ್ಲಿ ಶೇ 94. ಒಂದು ಜೀವಿತಾವಧಿಯೊಳಗೆ ಆದ ಬದಲಾವಣೆ ಇದು. ಇದನ್ನು ಸಣ್ಣದು ಅನ್ನುವವರ ಜೊತೆ ನನಗೆ ಸಹಮತ ಇಲ್ಲ.

ಆದರೆ ಅದೇ ದೇಶದಲ್ಲಿ, 2004ರಲ್ಲಿ ಮರಿಯನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಪ್ರಕಟಿಸಿದ ಅಧ್ಯಯನ ನೋಡಿ. ಬಾಸ್ಟನ್ ಮತ್ತು ಷಿಕಾಗೊದ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಕಾಲ್ಪನಿಕ ರೆಸ್ಯೂಮ್ ಕಳಿಸಿದರು. ಓದು, ಅನುಭವ ಎಲ್ಲ ಸರಿಸಮ. ಕೆಲವಕ್ಕೆ ಎಮಿಲಿ, ಗ್ರೆಗ್ ತರಹದ ಹೆಸರು, ಕೆಲವಕ್ಕೆ ಲಕೀಶಾ, ಜಮಾಲ್ ತರಹದ್ದು. ಬಿಳಿಯರ ಹೆಸರಿದ್ದರೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು. ಕಪ್ಪುವರ್ಣೀಯರ ಹೆಸರಿದ್ದರೆ ಸುಮಾರು 15 ಅರ್ಜಿ ಬೇಕಾಯಿತು. ಆ ರೆಸ್ಯೂಮ್‌ಗಳನ್ನು ಬದಿಗಿಟ್ಟವರನ್ನು ಕೂರಿಸಿ ಕೇಳಿದ್ದರೆ ಬಹುತೇಕರು ‘ನಮಗೆ ಬಣ್ಣ ಮುಖ್ಯ ಅಲ್ಲ’ ಅಂತಲೇ ಹೇಳುತ್ತಿದ್ದರೇನೋ, ಮತ್ತು ಅದನ್ನು ಮನಸಾರೆ ಹೇಳುತ್ತಿದ್ದರು.

ಸದ್ದಿಲ್ಲದ ಪೂರ್ವಗ್ರಹ ಹೇಗಿರುತ್ತದೆ ಅನ್ನುವುದಕ್ಕೆ ಥಾಮಸ್ ಪೆಟ್ಟಿಗ್ರೂ ಮತ್ತು ರೂಲ್ ಮೇರ್ಟೆನ್ಸ್ 1995ರಲ್ಲಿ ಪಶ್ಚಿಮ ಯುರೋಪಿನ ಸರ್ವೆಗಳಿಂದ ಮೂರು ಗುರುತು ಕೊಟ್ಟರು. ‘ನಮ್ಮ ರೀತಿನೀತಿ ಉಳಿಯಬೇಕು’ ಅನ್ನುವ ಮಾತನ್ನು ಒಂದು ಗುಂಪಿನ ಎದುರು ಮಾತ್ರ ಎತ್ತುವುದು. ಅವರಿಗೂ ನಮಗೂ ಇರುವ ವ್ಯತ್ಯಾಸವನ್ನು ಇರುವುದಕ್ಕಿಂತ ದೊಡ್ಡದು ಮಾಡಿ ನೋಡುವುದು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ದ್ವೇಷ ಏನೂ ಇಲ್ಲ, ಆದರೆ ಮೆಚ್ಚುಗೆ, ಮರುಕ, ಆತ್ಮೀಯತೆ ಆ ಗುಂಪಿನವರ ವಿಷಯದಲ್ಲಿ ಹುಟ್ಟುವುದೇ ಇಲ್ಲ. ಬೈಯ್ಯದಿದ್ದರೂ ಪೂರ್ವಗ್ರಹ ಇರಬಹುದು ಅನ್ನುವುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಸುದ್ದಿ ಓದುವಾಗ ಮೊದಲ ಸಾಲಲ್ಲೇ ನಿಂತು ಕೇಳಿಕೊಳ್ಳಿ: ಇವರು ಅಳೆದದ್ದು ಬಾಯಿಮಾತನ್ನೋ, ಒಳಗಿನ ಭಾವನೆಯನ್ನೋ, ನಡವಳಿಕೆಯನ್ನೋ? ಮೂರಕ್ಕೂ ಉತ್ತರ ಬೇರೆ ಬೇರೆ ಬರುತ್ತದೆ.

ತಲೆಬರಹ ಬಿಡಿ, ಪ್ರಶ್ನೆಯನ್ನೇ ಹುಡುಕಿ ಓದಿ

ಇದು ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ, ಜಾಸ್ತಿ ಜನ ಬಿಟ್ಟುಬಿಡುವ ಹೆಜ್ಜೆಯೂ ಇದೇ. ಅಮೆರಿಕದ ರಾಜಕೀಯ ಸರ್ವೆಗಳಲ್ಲಿ ‘ಜನಾಂಗೀಯ ಅಸಮಾಧಾನ’ ಅಂತ ಒಂದು ಅಳತೆ ಇದೆ. ಡೇವಿಡ್ ಸಿಯರ್ಸ್, ಡೊನಾಲ್ಡ್ ಕಿಂಡರ್ ಮುಂತಾದವರ ಕೆಲಸದಿಂದ ಬೆಳೆದು ಬಂದದ್ದು. ಅದರಲ್ಲಿ ನಾಲ್ಕು ಹೇಳಿಕೆ ಇರುತ್ತವೆ, ಒಪ್ಪುತ್ತೀರಾ ಇಲ್ಲವಾ ಅಂತ ಹೇಳಬೇಕು. ಒಂದರ ಸಾರಾಂಶ ಹೀಗೆ: ಐರಿಷ್, ಇಟಾಲಿಯನ್, ಯಹೂದಿ ಜನರೆಲ್ಲ ಪೂರ್ವಗ್ರಹವನ್ನು ದಾಟಿ ದುಡಿದು ಮೇಲೆ ಬಂದರು, ಕಪ್ಪುವರ್ಣೀಯರೂ ವಿಶೇಷ ಸವಲತ್ತು ಇಲ್ಲದೆ ಹಾಗೇ ಬರಬೇಕು. ಇನ್ನೊಂದು: ಅವರು ಇನ್ನಷ್ಟು ಪ್ರಯತ್ನಪಟ್ಟರೆ ಬಿಳಿಯರಷ್ಟೇ ಚೆನ್ನಾಗಿ ಬದುಕಬಹುದು. ಉಳಿದೆರಡು ಇದಕ್ಕೆ ತಿರುವುಮುರುವು. ಗುಲಾಮಗಿರಿ ಮತ್ತು ತಾರತಮ್ಯದಿಂದ ಅವರಿಗೆ ಮೇಲೆ ಬರುವುದು ಕಷ್ಟವಾಗಿದೆ ಅಂತ ಒಂದು, ಇತ್ತೀಚಿನ ವರ್ಷಗಳಲ್ಲಿ ಅವರಿಗೆ ಸಲ್ಲಬೇಕಾದ್ದಕ್ಕಿಂತ ಕಡಿಮೆ ಸಿಕ್ಕಿದೆ ಅಂತ ಇನ್ನೊಂದು. ಮೊದಲೆರಡನ್ನು ಒಪ್ಪಿದಷ್ಟೂ, ಉಳಿದೆರಡನ್ನು ಒಪ್ಪದಷ್ಟೂ ಅಸಮಾಧಾನದ ಅಂಕ ಏರುತ್ತದೆ.

ಈ ಅಳತೆಯಲ್ಲಿ ಸರಾಸರಿ ನೋಡಿದರೆ ಕನ್ಸರ್ವೇಟಿವ್‌ಗಳ, ಅಂದರೆ ಬಲಪಂಥದವರ, ಅಂಕ ಎಡಕ್ಕೆ ವಾಲಿದ ಲಿಬರಲ್‌ಗಳಿಗಿಂತ ಜಾಸ್ತಿ ಬರುತ್ತದೆ. ಅದು ಗಟ್ಟಿಯಾದ ಫಲಿತಾಂಶ, ಮತ್ತೆ ಮತ್ತೆ ಬಂದಿದೆ. ‘ಬಲಪಂಥದವರೇ ವರ್ಣಭೇದಿಗಳು’ ಅನ್ನುವ ತಲೆಬರಹಗಳು ಎಷ್ಟೋ ಸಲ ಇಂಥ ಅಳತೆಯಿಂದಲೇ ಹುಟ್ಟುವುದು.

ಈಗ ಆ ಮೊದಲ ಹೇಳಿಕೆಯನ್ನು ಇನ್ನೊಮ್ಮೆ ಓದಿ. ಅದಕ್ಕೆ ಹೂಂ ಅನ್ನುವವರಲ್ಲಿ ಎರಡು ತರಹದವರು ಇರಬಹುದು. ಒಬ್ಬರಿಗೆ ಕಪ್ಪುವರ್ಣೀಯರ ಬಗ್ಗೆ ಒಳಗೇ ಅಸಡ್ಡೆ ಇದೆ. ಇನ್ನೊಬ್ಬರು ಸರ್ಕಾರ ಯಾರಿಗೂ, ಬಡ ಬಿಳಿಯನಿಗೂ, ವಿಶೇಷ ಸವಲತ್ತು ಕೊಡಬಾರದು ಅನ್ನುವವರು. ಇಬ್ಬರಿಗೂ ಬರುವ ಅಂಕ ಒಂದೇ. ಒಂದೇ ಜರಡಿಯಲ್ಲಿ ಕಾಳೂ ಕಲ್ಲೂ ಉಳಿದ ಹಾಗೆ. ಪಾಲ್ ಸ್ನೈಡರ್‌ಮನ್ ಮತ್ತು ಫಿಲಿಪ್ ಟೆಟ್‌ಲಾಕ್ 1986ರಲ್ಲೇ ಈ ಆಕ್ಷೇಪ ಎತ್ತಿದರು, ಸಿಯರ್ಸ್ ಮತ್ತು ಕಿಂಡರ್ ಕಡೆಯವರು ಉತ್ತರ ಕೊಟ್ಟರು, ಜಗಳ ಇನ್ನೂ ಮುಗಿದಿಲ್ಲ.

ಕಾಳು ಕಲ್ಲು ಬೇರ್ಪಡಿಸಲು ಸ್ಟ್ಯಾನ್ಲಿ ಫೆಲ್ಡ್‌ಮನ್ ಮತ್ತು ಲಿಯೋನಿ ಹಡಿ ಒಂದು ಸರಳವಾದ ಉಪಾಯ ಮಾಡಿದರು, 2005ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕ್ ರಾಜ್ಯದ ಬಿಳಿಯರಿಗೆ ಫೋನ್ ಮಾಡಿ ಒಂದು ಸ್ಕಾಲರ್‌ಶಿಪ್ ಯೋಜನೆಯ ಬಗ್ಗೆ ಅಭಿಪ್ರಾಯ ಕೇಳಿದರು. ಕೆಲವರಿಗೆ ಅದು ಕಪ್ಪುವರ್ಣೀಯ ವಿದ್ಯಾರ್ಥಿಗಳಿಗೆ ಅಂದರು, ಕೆಲವರಿಗೆ ಬಿಳಿಯ ವಿದ್ಯಾರ್ಥಿಗಳಿಗೆ ಅಂದರು. ಅಸಮಾಧಾನದ ಅಂಕ ಜಾಸ್ತಿ ಇದ್ದ ಲಿಬರಲ್‌ಗಳು ಕಪ್ಪುವರ್ಣೀಯರಿಗೆ ಅಂದಾಗ ವಿರೋಧಿಸಿದರು, ಬಿಳಿಯರಿಗೆ ಅಂದಾಗ ಆ ವಿರೋಧ ಕಾಣಲಿಲ್ಲ. ಅಂಕ ಜಾಸ್ತಿ ಇದ್ದ ಕನ್ಸರ್ವೇಟಿವ್‌ಗಳು ಯಾರಿಗೆ ಕೊಟ್ಟರೂ ಬೇಡ ಅಂದರು. ಅಂದರೆ ಅದೇ ಅಂಕ ಒಬ್ಬರಲ್ಲಿ ಪೂರ್ವಗ್ರಹವನ್ನು ತೋರಿಸುತ್ತಿದೆ, ಇನ್ನೊಬ್ಬರಲ್ಲಿ ಬಹುಪಾಲು ರಾಜಕೀಯ ನಂಬಿಕೆಯನ್ನು ತೋರಿಸುತ್ತಿದೆ.

ಇದನ್ನು ಓದಿ ‘ನೋಡಿದ್ರಾ, ಬಲಪಂಥದವರು ಶುದ್ಧ’ ಅಂತ ಯಾರಾದರೂ ಹೇಳಿದರೆ ಅದೂ ತಪ್ಪು ಓದು. ಅಲ್ಲಿ ಒಂದು ಅಳತೆಯ ಮಿತಿ ಗೊತ್ತಾಯಿತು, ಅಷ್ಟೇ. ಬೇರೆ ಅಳತೆಗಳೂ ಇವೆ. ಕಂಪ್ಯೂಟರ್ ಮುಂದೆ ಮುಖ ಮತ್ತು ಪದಗಳನ್ನು ಬೇಗ ಬೇಗ ಜೋಡಿಸುವ ಪರೀಕ್ಷೆಯೊಂದನ್ನು ಆಂಟನಿ ಗ್ರೀನ್‌ವಾಲ್ಡ್ ಮತ್ತು ಜೊತೆಗಾರರು 1998ರಲ್ಲಿ ತಂದರು, ಹೆಸರು ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್. ಅದರಲ್ಲಿ ಕನ್ಸರ್ವೇಟಿವ್‌ಗಳ ಒಲವು ಬಿಳಿಯರ ಕಡೆಗೆ ಸ್ವಲ್ಪ ಜಾಸ್ತಿ ಕಾಣುತ್ತದೆ, ಆದರೆ ಲಿಬರಲ್‌ಗಳ ಸರಾಸರಿಯೂ ಸೊನ್ನೆಯಲ್ಲಿ ಇಲ್ಲ, ಅದೇ ದಿಕ್ಕಿಗೆ ವಾಲಿದೆ.

ಅಂದಹಾಗೆ, ಆ ಪರೀಕ್ಷೆಯನ್ನು ನೀವೇ ಆನ್‌ಲೈನ್‌ನಲ್ಲಿ ಮಾಡಿ ನೋಡಬಹುದು, ಆದರೆ ಬಂದ ಫಲಿತಾಂಶವನ್ನು ಡಾಕ್ಟರ್ ರಿಪೋರ್ಟ್ ಅಂದುಕೊಳ್ಳಬೇಡಿ. ಎರಡನೇ ಸಲ ಮಾಡಿದಾಗ ಬೇರೆ ಉತ್ತರ ಬರುವುದು ಸಾಮಾನ್ಯ. ಸಾವಿರಾರು ಜನರ ಸರಾಸರಿ ತಿಳಿಯಲು ಅದು ಉಪಯೋಗ, ಒಬ್ಬ ವ್ಯಕ್ತಿಯ ಮೇಲೆ ತೀರ್ಪು ಕೊಡಲು ಅಲ್ಲ. ಸರ್ವೆಗಳಿಗೂ ಇದೇ ಮಾತು. ಎರಡು ಗುಂಪಿನ ಸರಾಸರಿ ಬೇರೆ ಇದ್ದರೂ ಒಳಗಿನ ಜನ ಒಬ್ಬರ ಮೇಲೊಬ್ಬರು ಕಲೆತುಹೋಗಿರುತ್ತಾರೆ. ಪಕ್ಕದ ಮನೆಯವರು ಅಂಗಳದಲ್ಲಿ ಯಾವ ಪಕ್ಷದ ಬೋರ್ಡ್ ನೆಟ್ಟಿದ್ದಾರೆ ಅಂತ ನೋಡಿ ಸರಾಸರಿಯನ್ನು ಅವರ ತಲೆಗೆ ಕಟ್ಟಬೇಡಿ.

ಮಾತು ಬಿಟ್ಟು ನಡವಳಿಕೆ ನೋಡಿದ ಅಧ್ಯಯನ ಸಿಕ್ಕರೆ ನಿಧಾನವಾಗಿ ಓದಿ

ಸ್ಯಾಮ್ಯುಯೆಲ್ ಗಾರ್ಟ್‌ನರ್ 1973ರಲ್ಲಿ ಪ್ರಕಟಿಸಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯದು, ಆದರೆ ಇಷ್ಟು ಸ್ಪಷ್ಟವಾಗಿ ವಿಷಯ ತೋರಿಸಿದ ಅಧ್ಯಯನ ಇನ್ನೊಂದು ನನಗೆ ಗೊತ್ತಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್. ಆಗ ಆ ರಾಜ್ಯದಲ್ಲಿ ಲಿಬರಲ್ ಪಾರ್ಟಿ, ಕನ್ಸರ್ವೇಟಿವ್ ಪಾರ್ಟಿ ಅಂತಲೇ ಎರಡು ಸಣ್ಣ ಪಕ್ಷ ಇದ್ದವು. ಆ ಪಕ್ಷಗಳಿಗೆ ಹೆಸರು ನೋಂದಾಯಿಸಿದ ಬಿಳಿಯರ ಮನೆಗೆ ಫೋನ್ ಹೋಗುತ್ತದೆ. ಆ ಕಡೆ ಒಬ್ಬ ಅಪರಿಚಿತ. ಗ್ಯಾರೇಜಿಗೆ ಮಾಡಿದ್ದೆ, ರಾಂಗ್ ನಂಬರ್ ಆಗಿದೆ ಅನ್ನುತ್ತಾನೆ. ಕಾರು ರಸ್ತೆಯಲ್ಲಿ ಕೆಟ್ಟು ನಿಂತಿದೆ, ಪಬ್ಲಿಕ್ ಫೋನಿಗೆ ಹಾಕಲು ಇನ್ನು ಚಿಲ್ಲರೆ ಇಲ್ಲ, ದಯವಿಟ್ಟು ನೀವೇ ಆ ಗ್ಯಾರೇಜಿಗೆ ಒಂದು ಫೋನ್ ಮಾಡಿ ಹೇಳ್ತೀರಾ ಅಂತ ಕೇಳುತ್ತಾನೆ. ಕೆಲವು ಕರೆಗಳಲ್ಲಿ ದನಿ ಬಿಳಿಯರದ್ದು ಅಂತ ಕೇಳಿದರೆ ಗೊತ್ತಾಗುತ್ತದೆ, ಕೆಲವದರಲ್ಲಿ ಕಪ್ಪುವರ್ಣೀಯರದ್ದು ಅಂತ. ಕೊಟ್ಟ ನಂಬರು ಸಂಶೋಧಕರದ್ದೇ, ಯಾರು ಸಹಾಯ ಮಾಡಿದರು ಅಂತ ಅಲ್ಲೇ ಲೆಕ್ಕ ಸಿಗುತ್ತದೆ.

ಪೂರ್ತಿ ಮಾತು ಕೇಳಿಸಿಕೊಂಡವರಲ್ಲಿ, ಕನ್ಸರ್ವೇಟಿವ್‌ಗಳು ಬಿಳಿ ದನಿಗೆ ಶೇ 92ರಷ್ಟು ಸಹಾಯ ಮಾಡಿದರು, ಕಪ್ಪು ದನಿಗೆ ಶೇ 65. ಲಿಬರಲ್‌ಗಳು ಬಿಳಿ ದನಿಗೆ ಶೇ 85, ಕಪ್ಪು ದನಿಗೆ ಶೇ 75. ಇಷ್ಟನ್ನೇ ನೋಡಿದರೆ ಲಿಬರಲ್‌ಗಳದ್ದು ಮೇಲು ಅನ್ನಿಸುತ್ತದೆ, ಅಲ್ವಾ? ಗಾರ್ಟ್‌ನರ್ ಅಲ್ಲಿಗೆ ನಿಲ್ಲಿಸಲಿಲ್ಲ. ಸಹಾಯದ ಮಾತು ಬರುವ ಮೊದಲೇ, ರಾಂಗ್ ನಂಬರ್ ಅನ್ನುವಷ್ಟರಲ್ಲೇ ಫೋನ್ ಇಟ್ಟವರನ್ನೂ ಲೆಕ್ಕ ಹಾಕಿದರು. ಲಿಬರಲ್‌ಗಳು ಬಿಳಿ ದನಿಯ ಮೇಲೆ ಹಾಗೆ ಫೋನ್ ಇಟ್ಟದ್ದು ಶೇ 3, ಕಪ್ಪು ದನಿಯ ಮೇಲೆ ಶೇ 19. ಕನ್ಸರ್ವೇಟಿವ್‌ಗಳಲ್ಲಿ ಈ ವ್ಯತ್ಯಾಸ ಸಣ್ಣದು, ಶೇ 5 ಮತ್ತು ಶೇ 8.

ಇದರ ಅರ್ಥ ಬಿಡಿಸಿ ನೋಡಿ. ಒಬ್ಬ ಕಷ್ಟದಲ್ಲಿದ್ದಾನೆ, ಸಹಾಯ ಕೇಳುತ್ತಿದ್ದಾನೆ ಅಂತ ಸ್ಪಷ್ಟವಾದ ಮೇಲೆ ಲಿಬರಲ್ ಮನುಷ್ಯನಿಗೆ ತಾನು ಏನು ಮಾಡಬೇಕು ಅಂತ ಗೊತ್ತು. ಬಣ್ಣ ನೋಡಬಾರದು ಅನ್ನುವ ನಿಯಮ ತಲೆಯಲ್ಲಿ ಏಳುತ್ತದೆ, ಹಾಗೇ ನಡೆದುಕೊಳ್ಳುತ್ತಾನೆ. ಆದರೆ ರಾಂಗ್ ನಂಬರ್ ಬಂದಾಗ ಫೋನ್ ಇಡುವುದು ತಪ್ಪೇನಲ್ಲ. ಅಲ್ಲಿ ನಿಯಮವೇ ಇಲ್ಲ. ಯಾರೂ ನೋಡುತ್ತಿಲ್ಲ, ತನಗೇ ಉತ್ತರ ಕೊಡಬೇಕಾಗಿಲ್ಲ. ಅಂಥ ಕಡೆ ಪೂರ್ವಗ್ರಹ ನುಸುಳುತ್ತದೆ. ಎರಡೂ ಪಕ್ಷದವರಲ್ಲೂ ಅದು ಇತ್ತು, ಹೊರಗೆ ಬಂದ ಜಾಗ ಮಾತ್ರ ಬೇರೆ.

ಗಾರ್ಟ್‌ನರ್ ಮತ್ತು ಜಾನ್ ಡೊವಿಡಿಯೊ ಮುಂದೆ ಇದನ್ನೇ ಇನ್ನೊಂದು ತರಹ ನೋಡಿದರು. 1989ರಲ್ಲಿ ಮತ್ತು 1999ರಲ್ಲಿ ಬಿಳಿಯ ಕಾಲೇಜು ವಿದ್ಯಾರ್ಥಿಗಳ ಮುಂದೆ ಒಂದು ಕೆಲಸಕ್ಕೆ ಅರ್ಜಿ ಹಾಕಿದವರ ವಿವರ ಇಟ್ಟರು. ಅರ್ಹತೆ ತುಂಬಾ ಚೆನ್ನಾಗಿದ್ದಾಗ ಬಣ್ಣದಿಂದ ವ್ಯತ್ಯಾಸ ಆಗಲಿಲ್ಲ. ತೀರಾ ಕಡಿಮೆ ಇದ್ದಾಗಲೂ ಆಗಲಿಲ್ಲ. ಅತ್ತ ಇತ್ತ ಎರಡೂ ಅನ್ನಿಸುವ ಮಧ್ಯದ ಅರ್ಜಿಗಳಲ್ಲಿ ಮಾತ್ರ ಬಿಳಿಯರಿಗೆ ಮೇಲುಗೈ ಸಿಕ್ಕಿತು. ಆ ಹತ್ತು ವರ್ಷದಲ್ಲಿ ಬಾಯಿಮಾತಿನ ಪೂರ್ವಗ್ರಹ ಇಳಿದಿತ್ತು, ಮಧ್ಯದ ಅರ್ಜಿಗಳ ಕಥೆ ಮಾತ್ರ ಹಾಗೇ ಇತ್ತು.

ಇಸವಿ ನೋಡದೆ ಪಕ್ಷದ ಹೆಸರು ನಂಬಬೇಡಿ

ಇವತ್ತು ಸಾಮಾನ್ಯವಾಗಿ ಕನ್ಸರ್ವೇಟಿವ್‌ಗಳು ರಿಪಬ್ಲಿಕನ್ ಪಕ್ಷದ ಕಡೆ, ಲಿಬರಲ್‌ಗಳು ಡೆಮಾಕ್ರಟಿಕ್ ಪಕ್ಷದ ಕಡೆ. ಮೊದಲು ಇಷ್ಟು ಸ್ಪಷ್ಟವಾಗಿ ಹಾಗಿರಲಿಲ್ಲ. ಬಣ್ಣದ ತಾರತಮ್ಯವನ್ನು ಕಾನೂನಿನಿಂದ ತಡೆದ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸೆನೆಟ್‌ನಲ್ಲಿ ರಿಪಬ್ಲಿಕನ್ನರ ಮತ 27 ಪರ, 6 ವಿರುದ್ಧ. ಡೆಮಾಕ್ರಟರದ್ದು 46 ಪರ, 21 ವಿರುದ್ಧ. ವಿರೋಧಿಸಿದವರಲ್ಲಿ ದಕ್ಷಿಣದ ರಾಜ್ಯಗಳ ಡೆಮಾಕ್ರಟರೇ ಜಾಸ್ತಿ. ಸಹಿ ಹಾಕಿದ ಅಧ್ಯಕ್ಷ ಜಾನ್ಸನ್ ಕೂಡ ಡೆಮಾಕ್ರಟ್. ಅದೇ ವರ್ಷ ರಿಪಬ್ಲಿಕನ್ ಅಭ್ಯರ್ಥಿಯಾಗಿದ್ದ ಬ್ಯಾರಿ ಗೋಲ್ಡ್‌ವಾಟರ್ ಕಾಯ್ದೆಗೆ ವಿರುದ್ಧ ಮತ ಹಾಕಿದವರು, ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ಅದೇ ವರ್ಷ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆದರು. ಮುಂದಿನ ದಶಕಗಳಲ್ಲಿ ದಕ್ಷಿಣದ ಬಿಳಿಯ ಮತದಾರರು ಆ ಕಡೆ ಸರಿದರು. ಆದ್ದರಿಂದ ‘ಡೆಮಾಕ್ರಟರು ಹೀಗೆ’ ಅಂತ ಯಾರಾದರೂ ಹೇಳಿದರೆ ಯಾವ ಇಸವಿಯ, ಯಾವ ರಾಜ್ಯದ ಡೆಮಾಕ್ರಟರು ಅಂತ ಕೇಳಿ. ಗ್ರೂಪಿನಲ್ಲಿ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಸಣ್ಣ ಅಂಶ. ಒಳ್ಳೆಯತನದ ವೇಷದಲ್ಲೂ ಪೂರ್ವಗ್ರಹ ಬರುತ್ತದೆ. ಸಿಡ್ನಿ ಡುಪ್ರೀ ಮತ್ತು ಸೂಸನ್ ಫಿಸ್ಕ್ 2019ರಲ್ಲಿ ತೋರಿಸಿದ ಪ್ರಕಾರ ಬಿಳಿಯ ಲಿಬರಲ್‌ಗಳು ಕಪ್ಪುವರ್ಣೀಯರ ಜೊತೆ ಮಾತಾಡುವಾಗ ತಮ್ಮ ಜಾಣತನ, ಸಾಮರ್ಥ್ಯ ತೋರಿಸುವ ಪದಗಳನ್ನು ಕಡಿಮೆ ಬಳಸಿದರು. ಹತ್ತಿರವಾಗಬೇಕು ಅನ್ನುವುದು ಉದ್ದೇಶ. ಎದುರಿನವರಿಗೆ ಅರ್ಥವಾಗಲಿಕ್ಕಿಲ್ಲ ಅನ್ನುವ ಊಹೆ ಅದರಡಿಯಲ್ಲಿ ಕೂತಿದೆ.

ನಮ್ಮವರು ಇದರಲ್ಲಿ ಎಲ್ಲಿದ್ದೇವೆ?

ಅಮೆರಿಕದಲ್ಲಿರುವ ನಮ್ಮ ಜನ ಈ ಸರ್ವೆಗಳನ್ನು ಬಿಳಿಯರ ಮನೆ ಜಗಳ ಅಂತ ನೋಡುತ್ತಾರೆ. ಆದರೆ ಆ ‘ಐರಿಷ್, ಇಟಾಲಿಯನ್, ಯಹೂದಿ’ ಹೇಳಿಕೆ ಇದೆಯಲ್ಲ, ಅದರ ನಮ್ಮ ರೂಪ ಕನ್ನಡದಲ್ಲೇ ಕೇಳಿಸುತ್ತದೆ: ‘ನಾವೂ ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದ್ವಿ, ಕಷ್ಟಪಟ್ಟು ಮೇಲೆ ಬಂದ್ವಿ, ಅವರಿಗೇನು ಕಷ್ಟ?’ ರಿಪಬ್ಲಿಕನ್ನರಿಗೆ ಮತ ಹಾಕುವ ಮನೆಯಲ್ಲೂ, ಡೆಮಾಕ್ರಟರಿಗೆ ಹಾಕುವ ಮನೆಯಲ್ಲೂ ಈ ಮಾತು ಬರುತ್ತದೆ.

ಕಷ್ಟಪಟ್ಟದ್ದು ನಿಜ. ಆದರೆ ಬಾಗಿಲು ತೆರೆದದ್ದು ಯಾರು ಅಂತಲೂ ನೋಡಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಪಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. 1946ರಲ್ಲಿ ಆ ತಡೆ ತೆಗೆದಾಗಲೂ ಭಾರತದಿಂದ ವರ್ಷಕ್ಕೆ 100 ಜನಕ್ಕಷ್ಟೇ ಅವಕಾಶ. ದೊಡ್ಡ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಮೂಲ ದೇಶ ನೋಡಿ ಕೋಟಾ ಹಂಚುವುದು ಅನ್ಯಾಯ ಅನ್ನುವ ಮಾತಿಗೆ ಆಗ ಬಲ ಬಂದದ್ದು ಕಪ್ಪುವರ್ಣೀಯರು ಬೀದಿಗಿಳಿದು ಲಾಠಿ ಏಟು ತಿಂದು ನಡೆಸಿದ ಹೋರಾಟದಿಂದ. ಆ ಕಾಯ್ದೆ ಓದಿದವರಿಗೆ, ಕಸುಬು ಗೊತ್ತಿದ್ದವರಿಗೆ ಆದ್ಯತೆ ಕೊಟ್ಟಿತು. ಹಾಗಾಗಿ ಅಲ್ಲಿಗೆ ಹೋದ ನಮ್ಮ ಡಾಕ್ಟರು, ಎಂಜಿನಿಯರುಗಳು ಭಾರತದ ಜನರ ಸರಾಸರಿಯಲ್ಲ, ಜರಡಿ ಹಿಡಿದು ಆರಿಸಿದವರು. ಅವರನ್ನು ಗುಲಾಮಗಿರಿಗೆ ಸಿಕ್ಕವರ ಮೊಮ್ಮಕ್ಕಳ ಜೊತೆ ಹೋಲಿಸುವುದು ನ್ಯಾಯ ಅಲ್ಲ. ಈ ಮಾತನ್ನು ಊಟದ ಟೇಬಲ್ ಮೇಲೆ ಹಿರಿಯರ ಎದುರು ಹೇಳುವುದು ಕಷ್ಟ ಅಂತ ಗೊತ್ತು. ‘ಮಾಮ, ನಿಮಗೆ ವೀಸಾ ಯಾವ ವರ್ಷ ಸಿಕ್ತು, ಯಾವ ಕಾನೂನಿನಲ್ಲಿ ಸಿಕ್ತು?’ ಅಂತ ಶುರು ಮಾಡಿದರೆ ಮಾತು ಜಗಳಕ್ಕೆ ಹೋಗದೆ ಮುಂದುವರಿಯುತ್ತದೆ.

ಊರಲ್ಲೂ ಇದು ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಇಲ್ಲೇ ಹುಟ್ಟಿ ಬೆಳೆದವರು. ಅವರಲ್ಲೊಬ್ಬರು ಬೆಂಗಳೂರಿಗೆ ಬಂದರೆ ‘ಅಬ್ಬಾ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ’ ಅಂತ ಹೊಗಳುವವರು ಇದ್ದಾರೆ. ಹೊಗಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆದರೆ ಪೆಟ್ಟಿಗ್ರೂ ಹೇಳಿದ ಎರಡನೇ ಗುರುತು, ಇಲ್ಲದ ವ್ಯತ್ಯಾಸವನ್ನು ಹಿಗ್ಗಿಸುವುದು, ಅಲ್ಲೇ ಇದೆ. ಹೇಳುವವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ ಅನ್ನುವುದರಿಂದ ಅಲ್ಲಿ ಏನೂ ತಿಳಿಯುವುದಿಲ್ಲ.

ನಿಮ್ಮ ಕೈಯಲ್ಲಿ ಆಯ್ಕೆ ಇದ್ದಾಗ

ಅಲ್ಲಿನ ಕಂಪನಿಗಳಲ್ಲಿ ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಕೂರುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಗಾರ್ಟ್‌ನರ್ ಮತ್ತು ಡೊವಿಡಿಯೊ ಕೆಲಸದಿಂದ ನೇರವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ರೆಸ್ಯೂಮ್ ತೆರೆಯುವ ಮೊದಲೇ ಯಾವುದಕ್ಕೆ ಎಷ್ಟು ಅಂಕ ಅಂತ ಬರೆದಿಡಿ. ಮಧ್ಯದ ಅರ್ಜಿಗಳಲ್ಲಿ ಆಗುವುದು ಇದೇ: ಒಬ್ಬರಿಗೆ ಕಾಲೇಜು ಹೆಸರು ಮುಖ್ಯ ಅಂತೀವಿ, ಇನ್ನೊಬ್ಬರು ಬಂದಾಗ ಇಲ್ಲ ಅನುಭವ ಮುಖ್ಯ ಅಂತೀವಿ, ಅಳತೆ ಜಾರಿದ್ದು ನಮಗೇ ಗೊತ್ತಾಗುವುದಿಲ್ಲ. ಮೊದಲ ಸುತ್ತಿಗೆ ಹೆಸರು ಮುಚ್ಚಿಡಲು ಸಾಧ್ಯವಾದರೆ ಮುಚ್ಚಿ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮದಲ್ಲಿ ಕೇಳಿ. ಪ್ಯಾನೆಲ್‌ನವರು ಒಬ್ಬರ ಅಂಕ ಇನ್ನೊಬ್ಬರು ನೋಡುವ ಮೊದಲು ಬರೆದುಕೊಡಲಿ.

‘ನಮ್ಮ ಟೀಮಿಗೆ ಹೊಂದಿಕೊಳ್ಳಲ್ಲ ಅನ್ನಿಸ್ತು’ ಅಂತ ಯಾರಾದರೂ ಅಂದರೆ, ಅವರು ಹೇಳಿದ ಯಾವ ಉತ್ತರದಿಂದ ಹಾಗನ್ನಿಸಿತು ಅಂತ ಕೇಳಿ, ಅದನ್ನು ಬರೆದುಕೊಳ್ಳಿ. ಹೇಳಲು ಬಾರದಿದ್ದರೆ ಆ ಅಂಶಕ್ಕೆ ಅಂಕ ಕಳೆಯಬೇಡಿ. ವರ್ಷದ ಕೊನೆಗೆ ತುಂಬಾ ಮೇಲಿನವರನ್ನೂ ತುಂಬಾ ಕೆಳಗಿನವರನ್ನೂ ಬಿಟ್ಟು, ಮಧ್ಯದ ಅರ್ಜಿಗಳನ್ನಷ್ಟೇ ಹೊರಗೆ ತೆಗೆಯಿರಿ. ಅವರಲ್ಲಿ ಯಾರಿಗೆ ಕೆಲಸ ಕೊಟ್ಟಿರಿ, ಯಾರಿಗೆ ಇಲ್ಲ ಅಂತ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ತರಹದ ಹೆಸರುಗಳು ಒಂದೇ ಕಡೆ ಬಿದ್ದಿದ್ದರೆ, ಮುಂದಿನ ವರ್ಷದ ಅಂಕಪಟ್ಟಿಯನ್ನು ಅಲ್ಲಿಂದ ತಿದ್ದಲು ಶುರು ಮಾಡಿ.